ಕೆಂಪು ಕಾರಿನ ಎಡಗಡೆ ಸೀಟು

ಕಾರು ಎಡಕ್ಕೆ ಎಳೆಯುವುದು ಹೆಂಡತಿಯಿಂದಲೇ ಎಂದು ಪ್ರವೀಣಕುಮಾರ ಹೇಳಿದ ದಿನ ಮಹೇಶ್ವರಿ ಅವನಿಗೆ ಸಂಜೆಯ ಚಹಾ ಕೊಡಲಿಲ್ಲ.

ಸಿಟ್ಟು ಬರದೆ ಇನ್ನೇನು? ಬಾಗಲಕೋಟೆಯ ನವನಗರದಲ್ಲಿ ಎಲ್ಲರ ಗಂಡಂದಿರೂ ಮನೆಮಂದಿ ಕೂಡುವಂಥ ಕಾರು ತಂದರೆ, ಸರ್ಕಾರಿ ಕಚೇರಿಯ ಗುಮಾಸ್ತನಾದ ಇವನು ಪುಣೆಯಿಂದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದಿದ್ದ. ಕೆಂಪು ಬಣ್ಣ, ಎರಡೇ ಸೀಟು. ಎಂಜಿನ್ನು ಹಿಂದೆ, ಡಿಕ್ಕಿ ಮುಂದೆ (ಒಂದು ಕುಂಬಳಕಾಯಿ ಇಟ್ಟರೆ ಬದನೆಕಾಯಿಗೆ ಜಾಗವಿಲ್ಲ). ಒಳಗೆ ಕೂತರೆ ನೆಲದ ಮೇಲೆ ಕೂತಂತೆ. ಎದುರಿಗೆ ಎಮ್ಮೆ ಬಂದರೆ ಮೊಣಕಾಲಷ್ಟೇ ದರ್ಶನ. ರಸ್ತೆಯ ಪ್ರತಿಯೊಂದು ಕುಣಿಯ ಸಮಾಚಾರವೂ ಮಧ್ಯವರ್ತಿಗಳಿಲ್ಲದೆ ನೇರ ಅವಳ ಬೆನ್ನಿಗೆ ತಲುಪುತ್ತಿತ್ತು. ಇಷ್ಟನ್ನೂ ಸಹಿಸಿಕೊಂಡ ಸತಿಶಿರೋಮಣಿಯ ಮೇಲೆಯೇ ಈ ಆರೋಪ!

"ನಾ ಒಬ್ಬನ ಹೋದ್ರ ಇಷ್ಟು ಎಳೆಯೂದಿಲ್ಲ. ನೀ ಕುಂತ ಕೂಡ್ಲೆ ಎಳೀತೈತಿ."

"ಅಂದ್ರ ನಾ ಅಷ್ಟು ಭಾರ ಅದೇನಿ?"

"ಭಾರ ಅಲ್ಲ. ವೇಟ್ ಡಿಸ್ಟ್ರಿಬ್ಯೂಷನ್ ಅಂತಾರ ಅದಕ್ಕ."

"ಏನರ ಅನ್ರಿ, ಇಂಗ್ಲಿಷಿನ್ಯಾಗ ಅಂದ್ರ ಬೈಗಳ ಸಿಹಿ ಆಗೂದಿಲ್ಲ. ಗಾಲಿ ಅಲೈನ್ಮೆಂಟ್ ಮಾಡಸ್ರಿ ಅಂತ ಯಾವಾಗಿಂದ ಬಡಕೊಳ್ಳಾಕತ್ತೇನಿ!"

"ಮಾಡಿಸೇನಲ್ಲ!"

ಮಾಡಿಸಿದ್ದು ನಿಜ. ಆದರೆ ಮಾಡಿದವರೆಲ್ಲ ಮುಂದಿನ ಗಾಲಿಗಳನ್ನಷ್ಟೇ ನೋಡಿ ಕಳಿಸಿದ್ದರು. ಹಿಂದಿನವುಗಳ ಕಷ್ಟಸುಖ ಯಾರೂ ಕೇಳಿರಲಿಲ್ಲ.

ಮಹೇಶ್ವರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಸಾಧಿಸಿ ತೋರಿಸದೆ ಬಿಡುವ ಜಾತಿಯಲ್ಲ. ಮರುದಿನ ಬೆಳಿಗ್ಗೆ ಗಂಡನನ್ನು ಒಬ್ಬನೇ ಕಾರಿನಲ್ಲಿ ಅಟ್ಟಿ, ತಾನು ಸ್ಕೂಟಿ ಹತ್ತಿ ಹಿಂದೆ ಹೋದಳು. ಕಾರಿನ ಮೋರೆ ಒಂದು ಕಡೆ, ಬೆನ್ನು ಇನ್ನೊಂದು ಕಡೆ. ಮುನಿಸಿಕೊಂಡ ಬೀಗರನ್ನು ಹಿಡಿದು ಫೋಟೋಕ್ಕೆ ನಿಲ್ಲಿಸಿದಂತೆ. ಹಾರ್ನು ಹೊಡೆದು ನಿಲ್ಲಿಸಿ, ಗಂಡನನ್ನು ಬಗ್ಗಿಸಿ ಹಿಂದಿನ ಟೈರು ತೋರಿಸಿದಳು. ಹೊರಗೆ ಹೊಸದರಂತಿದ್ದ ಟೈರು ಒಳಮಗ್ಗುಲಲ್ಲಿ ಸವೆದು ನುಣ್ಣಗಾಗಿತ್ತು.

"ಇಲ್ಲಿ ನಾ ಕುಂತಿದ್ನೇನ್ರಿ?"

ಪ್ರವೀಣಕುಮಾರ ಮೊಣಕಾಲಿನ ಧೂಳು ಕೊಡವಿಕೊಂಡು ಕಾರು ಹತ್ತಿದ. ಅಲ್ಲಿಂದ ಸೀದಾ ಹುನಗುಂದ ರಸ್ತೆಯ ನವೀದನ ಗ್ಯಾರೇಜಿಗೆ ಮೆರವಣಿಗೆ.

ನವೀದ ಕಾರನ್ನು ಮೇಲೆತ್ತಿ ಹಿಂದಿನ ಗಾಲಿ ಅಲ್ಲಾಡಿಸಿದ. ಅದು ಬೀಳಲಿರುವ ಹಲ್ಲಿನಂತೆ ಅಲುಗಿತು. "ಗಾಲಿ ಹಿಡಕೊಂಡಿರೂ ತೋಳಿನ ರಬ್ಬರ್ ಬುಶ್ ಪೂರಾ ಹೋಗ್ಯಾವ್ರಿ ಸಾಹೇಬ್ರ. ಕುಣಿ ಹೊಡೆತ ತಡಿಯೂ ಶಾಕಪ್ಪೂ ಸೋರಾಕತ್ತಾವು. ಒಟ್ಟಿನ್ಯಾಗ ಸಸ್ಪೆನ್ಷನ್ ಹೋಗೇತ್ರಿ. ಇವನ್ನ ಬದಲಿ ಮಾಡದ ಅಲೈನ್ಮೆಂಟ್ ಮಾಡಿದ್ರ ನಾಳಿ ಮತ್ತ ಹಿಂಗ."

ಸಾಮಾನು ಪುಣೆಯಿಂದ ಬರಬೇಕಾಗಿತ್ತು. ಪ್ರವೀಣಕುಮಾರ ಮನೆಯ ಪಡಸಾಲೆಯಲ್ಲಿ ನಿಂತು ಅಲ್ಲಿಯ ಗೆಳೆಯನಿಗೆ ಫೋನು ಹಚ್ಚಿ, "ಸಸ್ಪೆನ್ಷನ್ನಪ್ಪಾ, ಸಸ್ಪೆನ್ಷನ್ನಿಂದ ಭಾಳ ತ್ರಾಸ್ ಆಗೇತಿ" ಎಂದು ಗೋಳಾಡಿ ಹೊರಗೆ ಹೋದ. ಅಡುಗೆಮನೆಯಲ್ಲಿದ್ದ ಅವನ ತಾಯಿ ಗುರುಲಿಂಗವ್ವನಿಗೆ ಇಷ್ಟು ಸಾಕಾಯಿತು. ಮಹೇಶ್ವರಿ ಶಾಲೆಯಿಂದ ಬರುವಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಅತ್ತೆಯ ಸುತ್ತ ಕೂತು ಸಮಾಧಾನ ಹೇಳುತ್ತಿದ್ದರು.

"ನನ್ನ ಮಗನ್ನ ಸಸ್ಪೆಂಡ್ ಮಾಡ್ಯಾರಂತವ್ವಾ! ಯಾರ ಕಣ್ಣು ಬಿತ್ತೋ!"

"ಅತ್ತೀ, ಅವರಲ್ರಿ. ಸಸ್ಪೆನ್ಷನ್ ಕಾರಿಂದು!"

"ಕಾರು ಏನ ತಪ್ಪು ಮಾಡಿತ್ತವ್ವಾ?" ಎಂದು ಗುರುಲಿಂಗವ್ವ ಇನ್ನಷ್ಟು ಅತ್ತರು.

ಅಂತೂ ಸಾಮಾನು ಬಂತು, ಕೂತಿತು. ಕೊನೆಗೆ ಗಂಡಹೆಂಡತಿಯ ಸಮ್ಮುಖದಲ್ಲಿ ಹಿಂದಿನ ಗಾಲಿಗಳನ್ನು ನೆಟ್ಟಗೆ ಮಾಡುವ ಘಳಿಗೆ. "ವೈನಿ, ಇಬ್ಬರೂ ಒಳಗ ಕುಂಡ್ರಿ. ಈ ಗಾಡಿ ಸೀಟಿನ್ಯಾಗ ಮಂದಿ ಇದ್ದಾಗ ಸೆಟ್ ಮಾಡಿದ್ರ ಚಲೋ," ಎಂದ ನವೀದ. ಪ್ರವೀಣಕುಮಾರ ಮೀಸೆಯೊಳಗೆ ನಕ್ಕ. ಮಹೇಶ್ವರಿ ಹಲ್ಲು ಕಚ್ಚಿ ಕೂತಳು. ಅದೇ ಹೊತ್ತಿಗೆ ಜೀಪು ರಿಪೇರಿಗೆಂದು ಬಂದಿದ್ದ ವಿದ್ಯಾರ್ಥಿಯೊಬ್ಬನ ತಂದೆ ಬಗ್ಗಿ ನೋಡಿ ಕೈಮುಗಿದ.

"ಟೀಚರ್, ಎಲ್ಲಿಗೆ ಹೊಂಟೀರಿ?"

"ಎಲ್ಲಿಗೂ ಇಲ್ರಿ."

ಆತ ಹೋಗಲೂ ಇಲ್ಲ. ಕೆಲಸ ಮುಗಿಯುವವರೆಗೆ, ಎಲ್ಲಿಗೂ ಹೋಗದ ಕಾರಿನಲ್ಲಿ ಪಟ್ಟಾಗಿ ಕೂತ ಗಣಿತದ ಟೀಚರನ್ನು ನೋಡುತ್ತ ನಿಂತ.

ಆದರೆ ಕಾರು ರಸ್ತೆಗಿಳಿದ ಮೇಲೆ ಅವಳು ಎಲ್ಲವನ್ನೂ ಕ್ಷಮಿಸಿದಳು. ಕಾರು ಗೆರೆ ಎಳೆದಂತೆ ನೆಟ್ಟಗೆ ಹೋಯಿತು. ಕುಣಿಗಳು ಬಂದದ್ದು ಕಣ್ಣಿಗೆ ಕಂಡಿತೇ ಹೊರತು ಬೆನ್ನಿಗೆ ತಿಳಿಯಲಿಲ್ಲ. ಬರುವ ವಾರ ಇಳಕಲ್ಲಿನ ತವರಿನಲ್ಲಿ ಬಸುರಿ ತಂಗಿಯ ಕುಬಸ. ಹಸಿರು ಇಳಕಲ್ ಸೀರೆ ಉಟ್ಟು, ಕೆಂಪು ಕಾರಿನಿಂದ ತವರುಮನೆಯ ಮುಂದೆ ಇಳಿಯುವ ದಿವ್ಯ ದೃಶ್ಯ ಕಣ್ಣಿಗೆ ಕಟ್ಟಿತು. ಆ ಹಿಗ್ಗಿನಲ್ಲಿ ಅತ್ತೆಯ ಮುಂದೆ ಆಡಬಾರದ ಮಾತು ಆಡಿಬಿಟ್ಟಳು:

"ಹೂವಿನ ಮ್ಯಾಲ ಕುಂತಂಗ ಆಗೇತ್ರಿ ಅತ್ತೀ!"

ಬೆನ್ನುನೋವಿನ ಗುರುಲಿಂಗವ್ವ ಆವರೆಗೆ ಆ ಕಾರಿನ ಹತ್ತಿರವೂ ಸುಳಿದಿರಲಿಲ್ಲ. ಈಗ ಮಗನೊಡನೆ ಒಂದು ಸುತ್ತು ಹಾಕಿ ಬಂದರು. ಮನೆಯ ಮುಂದೆ ಕಾರು ನಿಂತರೂ ಇಳಿಯಲಿಲ್ಲ.

"ಪ್ರವೀಣಾ, ಕುಬಸಕ್ಕ ನಾನೂ ಬರ್ತೇನಪ್ಪಾ. ಬಸ್ಸಿನ್ಯಾಗ ನನ್ನ ಬೆನ್ನು ತಡಿಯೂದಿಲ್ಲ."

ಎರಡೇ ಸೀಟು. ಒಂದು ಓಡಿಸುವವನದು.

ಕುಬಸದ ದಿನ ಮಹೇಶ್ವರಿ ಹಸಿರು ಸೀರೆಯಲ್ಲಿ, ಡಿಕ್ಕಿಗೆ ಹಿಡಿಸದ ಹಣ್ಣಿನ ಬುಟ್ಟಿಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಾಡುತ್ತ ಇಳಕಲ್ಲು ಮುಟ್ಟಿದಳು. ಅತ್ತೆ ಆಗಲೇ ಅಮೀನಗಡದ ಕರದಂಟು ಹಂಚುತ್ತ ನಡುಮನೆಯಲ್ಲಿ ವಿರಾಜಮಾನರಾಗಿದ್ದರು.

"ಎಷ್ಟು ತಡಾ ಮಾಡಿದೆವ್ವಾ!" ಎಂದು ತಾಯಿ ಗದರಿದರು. "ನಿಮ್ಮತ್ತಿ ನೋಡು, ಈ ವಯಸ್ಸಿನ್ಯಾಗ ಎಲ್ಲಾರಕಿಂತ ಮೊದಲ ಬಂದಾರ."

ಹೋಗಲಿ, ವಾಪಸ್ ಹೋಗುವಾಗ ನೋಡಿಕೊಂಡರಾಯಿತೆಂದು ಮಹೇಶ್ವರಿ ನುಂಗಿಕೊಂಡಳು. ಊಟವಾದ ಮೇಲೆ ಗುರುಲಿಂಗವ್ವನನ್ನು ಪಕ್ಕಕ್ಕೆ ಕರೆದು, "ಅತ್ತೀ, ಹೊಳ್ಳಿ ಹೋಗುವಾಗ ನಾ ಕಾರಿನ್ಯಾಗ ಬರ್ಲೇನ್ರಿ?" ಎಂದು ಕೇಳುವಷ್ಟರಲ್ಲಿ ಅತ್ತೆಯೇ ಬಾಯಿ ತೆಗೆದರು.

"ನೋಡವ್ವಾ, ನಿಮ್ಮವ್ವ ನಮ್ಮೂರಿಗೆ ಬಂದು ಎಷ್ಟು ದಿನ ಆತು! ಅವರನ್ನ ಕಾರಿನ್ಯಾಗ ಕುಂಡ್ರಿಸೇನಿ. ಚಲೋ ಆತಲ್ಲ? ನಾ ನಿನ್ನ ಜೋಡಿ ಬಸ್ಸಿಗೆ ಬರ್ತೇನಿ. ಒಂದ ಸಲಕ್ಕ ಬೆನ್ನು ಏನೂ ಆಗೂದಿಲ್ಲ."

ಹೆತ್ತ ತಾಯಿಯನ್ನು ಇಳಿಸುವುದು ಹೇಗೆ? ತಾಯಿ ಆಗಲೇ ಎಡಗಡೆ ಸೀಟಿನಲ್ಲಿ ಸೆರಗು ಸರಿಪಡಿಸಿಕೊಂಡು, ಓಣಿಯವರಿಗೆಲ್ಲ ಕೈಬೀಸುತ್ತಿದ್ದರು. ಪ್ರವೀಣಕುಮಾರ ಕಾರು ಚಾಲೂ ಮಾಡಿ, ಕಿಟಕಿಯಿಂದ ತಲೆ ಹೊರಹಾಕಿ, ಅತ್ಯಂತ ಪ್ರೀತಿಯಿಂದ ಹೇಳಿದ:

"ನೀ ಬೆನ್ನ ಹತ್ತಿದ್ದಕ್ಕ ಇದೆಲ್ಲಾ ಮಾಡಿಸಿದೆ, ಮಹೇಶೀ. ಈಗ ಖುಷೀನ?"

"ಭಾಳ ಖುಷೀರಿ," ಎಂದಳು ಮಹೇಶ್ವರಿ, ತಾಯಿಯ ಬಟ್ಟೆಯ ಗಂಟು ಎತ್ತಿಕೊಳ್ಳುತ್ತ.

"ಲಗೂ ನಡಿಯವ್ವಾ," ಎಂದು ಗುರುಲಿಂಗವ್ವ ಅವಳ ಕೈ ಹಿಡಿದೆಳೆದರು, "ಮುಂದಿನ ಸೀಟು ಹಿಡಿಯೂಣು."