ಕಾರ್ಬನ್ನಿಗೆ ಗುಣ್ಯಾ ಹಿಡಿದೆ

ಸಿಂಧನೂರಿನಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಗೇಟು, ಕಿಟಕಿ, ಟ್ರ್ಯಾಕ್ಟರ್ ಟ್ರಾಲಿ ಏನೇ ಹೇಳಿ, ಮಾಡಿಕೊಡುತ್ತೇನೆ. ಅಂಥವನಿಗೆ ಒಂದು ಕಾರ್ಬನ್ ಯಾವ ಲೆಕ್ಕ!

ಹೆಂಡತಿ ರೇಣುಕಾ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಸ್ಕಿಯ ಒಂದು ಖಾಸಗಿ ಕಾಲೇಜಿನವರು ಮರುದಿನ ಬಂದು ಒಂದು ಪಾಠ ಮಾಡಿ ತೋರಿಸಿ ಅಂದಿದ್ದರು. ಪಾಠ ಚೆನ್ನಾದರೆ ನೌಕರಿ. ಮದುವೆಯಾದಾಗಿನಿಂದ ಅವಳು ಕಾಯುತ್ತಿದ್ದದ್ದು ಇದಕ್ಕೇ.

"ಕಾರ್ಬನ್ನಿಂದು ಒಂದು ಮಾಡೆಲ್ ಇದ್ದಿದ್ರ ಚಲೋ ಇತ್ರೀ," ಅಂದಳು.

"ನಾ ಮಾಡತೀನಿ. ಎಷ್ಟು ಕೈ ಅದಾವ ಅದಕ್ಕ?"

"ನಾಲ್ಕು. ನಾಲ್ಕೂ ಸಮ ಇರಬೇಕು. ಪೂರಾ ಕೇಳ್ರಿ..."

ಪೂರಾ ಯಾರು ಕೇಳುತ್ತಾರೆ? ಅಂಗಡಿಗೆ ಹೋದೆ. ಗೇಟಿನ ಮೇಲೆ ಕೂಡಿಸುವ ಕಬ್ಬಿಣದ ಗುಂಡೊಂದನ್ನು ನಡುವೆ ಇಟ್ಟು, ತೊಂಬತ್ತು ಡಿಗ್ರಿ ಮೂಲೆ ಅಳೆಯುವ ಗುಣ್ಯಾ ಹಿಡಿದು, ನಾಲ್ಕು ಸರಳು ಬೆಸೆದೆ. ಗುಣ್ಯಾ ನನಗೆ ಇವತ್ತಿನವರೆಗೆ ಮೋಸ ಮಾಡಿಲ್ಲ.

"ಇದು ಕಾರ್ಬನ್ ಅಲ್ರೀ, ಊರ ಸರ್ಕಲ್!" ಅಂದಳು ರೇಣುಕಾ. "ನಾಲ್ಕು ರೋಡು ಮಲಗಿಸಿಬಿಟ್ಟೀರಿ. ಆ ಕೈ ಒಂದರಿಂದ ಒಂದು ಆದಷ್ಟು ದೂರ ನಿಲ್ತಾವ. ಮ್ಯಾಲನೂ, ಕೆಳಗೂ."

"ನೆಲದ ಮ್ಯಾಲ ನೆಟ್ಟಗ ಕೂಡಬ್ಯಾಡೇನು ಮತ್ತ?"

"ಕಾರ್ಬನ್ನಿಗೆ ನೆಲ ಎಲ್ಲೈತ್ರೀ?"

ಎರಡನೆಯದು ಮಾಡಿದೆ. ಮೂರು ಕಾಲು ಕೆಳಗೆ, ಒಂದು ಕೈ ಮೇಲೆ. ಇಟ್ಟರೆ ಒಂದಿಷ್ಟೂ ಅಲುಗಲಿಲ್ಲ! 'ಒಂದು ಎಸ್, ಮೂರು ಪಿ' ಅಂತ ಅವಳು ಬಾಯಿಪಾಠ ಮಾಡುತ್ತಿದ್ದದ್ದು ಕಿವಿಗೆ ಬಿದ್ದಿತ್ತು. ಒಂದಕ್ಕೆ ಕೆಂಪು, ಮೂರಕ್ಕೆ ನೀಲಿ ಬಣ್ಣ ಹೊಡೆದೆ.

ಅವಳು ಹಣೆ ಹಿಡಿದುಕೊಂಡಳು. "ಮೇಲಿನಾಂವ ಆರಾಮ ನಿಂತಾನ. ಕೆಳಗಿನ ಮೂರು ಮಂದಿ ಸಂತಿ ದಿನದ ಬಸ್ಸಿನ್ಯಾಗ ನಿಂತಂಗ ನಿಂತಾರ. ಮತ್ತ ಈ ಬಣ್ಣ ಯಾಕ?"

"ಒಂದು ಎಸ್, ಮೂರು ಪಿ."

ರೊಟ್ಟಿ ಬಡಿಯಲು ಕೂತಿದ್ದವಳು ಜೋಳದ ಹಿಟ್ಟಿನಲ್ಲಿ ಒಂದು ದುಂಡನೆಯ ಮುದ್ದೆ, ಮೂರು ಉದ್ದನೆಯ ಮುದ್ದೆ ಮಾಡಿ ತೋರಿಸಿದಳು.

"ಎಸ್, ಪಿ ಅಂದ್ರ ಎಲೆಕ್ಟ್ರಾನ್ ಇರೂ ಮನಿ. ದುಂಡಂದು ಎಸ್. ಉದ್ದನ್ನವು ಪಿ. ಎಲ್ಲಾ ಕೂಡಿಸಿ ನಾದಿದೆ. ಈಗ ನಾಲ್ಕು ಸಮ ಪಾಲು ಮಾಡಿದೆ. ಉಣ್ಣೂವಾಗ 'ಇದರಾಗ ದುಂಡಂದು ಯಾವ ರೊಟ್ಟಿ?' ಅಂತ ಕೇಳತೀರೇನು?"

"ಇಲ್ಲ."

"ಇದೂ ಹಂಗ. ಬೆರೆತ ಮ್ಯಾಲ ನಾಲ್ಕೂ ಒಂದೇ ನಮೂನಿ. ಅದಕ್ಕ ನಾಲ್ಕು ಹೈಡ್ರೋಜನ್ ಬಂದ್ರೂ ನಾಲ್ಕನ್ನೂ ಒಂದೇ ತರಾ ಹಿಡೀತೈತಿ."

ತಲೆಗೆ ಹೊಕ್ಕಿತು! ಅವಳು ರಟ್ಟಿನಲ್ಲಿ ನೂರಾ ಒಂಬತ್ತೂವರೆ ಡಿಗ್ರಿ ಅಳೆದು ಕತ್ತರಿಸಿಕೊಟ್ಟಳು. ಗುಣ್ಯಾ ಮುಟ್ಟದೆ ಮೂರನೆಯದು ಬೆಸೆದೆ. ಅಲ್ಲಿಗೆ ಸುಮ್ಮನಿರಬೇಕಿತ್ತು. ಬೆಳಿಗ್ಗೆ ಹೊರಡುವ ಹೊತ್ತಿಗೆ ನಾಲ್ಕೂ ಕೈಗೆ ಸಿಲ್ವರ್ ಪೇಂಟ್ ಹೊಡೆದೆ. ಯಾರೂ ಹೇಳಿರಲಿಲ್ಲ!

ಮಸ್ಕಿಯಲ್ಲಿ ನಾನು ಕ್ಲಾಸಿನ ಕಿಟಕಿಯ ಹೊರಗೆ ನಿಂತೆ. ಪ್ರಿನ್ಸಿಪಾಲರು ಮಾಡೆಲ್ ಎತ್ತಿ ನೋಡಿದರು. ಅಂಗೈ ಸಿಲ್ವರ್! ಅಂಗಿಗೆ ಒರೆಸಿಕೊಂಡರು. ಅಂಗಿ ಸಿಲ್ವರ್! ಪಕ್ಕದ ಮೇಷ್ಟ್ರು ನೆರವಿಗೆ ಬಂದರು. ಮೇಷ್ಟ್ರೂ ಸಿಲ್ವರ್! ಹುಡುಗರು ಬೆಂಚು ಬಡಿದು ನಕ್ಕರು. ಅವಳ ನೌಕರಿಗೆ ನಾನೇ ಕಲ್ಲು ಹಾಕಿದ್ದೆ.

ರೇಣುಕಾ ಕದಲಲಿಲ್ಲ. ಚೀಲದಿಂದ ಬುತ್ತಿ ತೆಗೆದು ನಾಲ್ಕು ರೊಟ್ಟಿ ಮೇಜಿನ ಮೇಲಿಟ್ಟಳು. ಹಿಟ್ಟಿನ ಕಥೆ ಹೇಳಿದಳು. "ಈಗ ಹೇಳ್ರಿ, ಇದರಾಗ ದುಂಡನ್ನ ಮುದ್ದಿದು ಯಾವುದು?"

"ಯಾವುದೂ ಅಲ್ರೀ ಮೇಡಂ!" ಅಂತ ಇಡೀ ಕ್ಲಾಸು ಕೂಗಿತು.

ಆಮೇಲೆ ನನ್ನ ಕಬ್ಬಿಣದ ಕೈಗಳು ಹೇಗೆ ದೂರದೂರ ನಿಂತಿವೆ ಅಂತ ತೋರಿಸಿದಳು. ಮುಟ್ಟದೆ.

"ಸೋಮವಾರದಿಂದ ಬರ್ರಿ ಮೇಡಂ," ಅಂದರು ಪ್ರಿನ್ಸಿಪಾಲರು. ನಂತರ ಕಿಟಕಿಯತ್ತ ತಿರುಗಿ ನನಗೆ ಅಂದರು: "ನೀವು ಇದನ್ನ ಒಯ್ರಿ."

ಈಗ ಅದು ನನ್ನ ಅಂಗಡಿ ಮುಂದೆ ಇದೆ. ಮೊನ್ನೆ ಸಾಲಗುಂದದ ಒಬ್ಬ ಮುದುಕಿ ಅದನ್ನು ತಿರುವಿ ಮುರುವಿ ನೋಡಿದಳು.

"ತಮ್ಮಾ, ಇದರ ಮ್ಯಾಲ ಕೊಡ ಕೂಡತೈತೇನು?"

"ಇಲ್ಲಬೇ ಯವ್ವಾ."

"ಮತ್ತ ಎದಕ್ಕ ಬರತೈತಿ?"

ನಾಲ್ಕು ಕೈ, ಸಮ ಪಾಲು ಅಂತ ಶುರು ಮಾಡಿದೆ. ಅರ್ಧಕ್ಕೇ ಸಿಕ್ಕಿಹಾಕಿಕೊಂಡೆ.

"ಸಂಜಿಕ ಬಾ ಯವ್ವಾ. ಮಸ್ಕಿ ಬಸ್ಸಿಗೆ ನಮ್ಮ ಮೇಡಂ ಬರತಾಳ."