ಬಲದ ಮಾವ, ಎಡವಟ್ಟಿನ ಅಳಿಯ

"ಇದೇನು ಮಹಾ ಕೆಲಸ! ಮಿಲಿಮೀಟರ್ ಸಂದಿಯಲ್ಲಿ ಕೈಯಾಡಿಸಿ ಹೊಟ್ಟೆ ಹೊರೆಯೋನು ನಾನು. ಮನೆಯೊಳಗೇ ಗಾಲ್ಫ್ ಆಡಿಸೋ ಒಂದು ಪೆಟ್ಟಿಗೆ ಕೂರಿಸೋಕೆ ಇನ್ನೊಬ್ಬ ಯಾಕೆ ಬೇಕು?"

ಹಲ್ಲಿನ ಡಾಕ್ಟರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಚಪ್ಪಾಳೆ ತಟ್ಟಲಿಲ್ಲ.

"ಕಾಲಿಂಗ್ ಬೆಲ್ ರಿಪೇರಿ ಮಾಡಿದ್ದೂ ನೀವೇ ಅಲ್ವಾ? ಈಗ ಬೆಲ್ ಒತ್ತಿದ್ರೆ ಬಚ್ಚಲಲ್ಲಿ ದೀಪ ಹತ್ತುತ್ತೆ!"

ಮಾತು ತಮಾಷೆಯದಾದರೂ ಆಕೆಯ ಮುಖದಲ್ಲಿ ನಗುವಿರಲಿಲ್ಲ. ಆಕೆಯ ತಂದೆ, ಅಂದರೆ ಡಾಕ್ಟರ ಮಾವನವರು, ಮೆಟ್ಟಿಲಿನಿಂದ ಬಿದ್ದು ಬಲಭುಜ ಮುರಿದುಕೊಂಡಿದ್ದರು. ಮೂಳೆ ಕೂಡಿತು, ಮನಸ್ಸು ಕೂಡಲಿಲ್ಲ. ಜೀವಮಾನವಿಡೀ ಗಾಲ್ಫ್ ಆಡಿದ ಮನುಷ್ಯ ಈಗ ಕಿಟಕಿಯ ಬಳಿ ಕೂತು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಮೈದಾನಕ್ಕೆ ಕರೆದರೆ, "ನಾಲ್ಕು ಜನರ ಮುಂದೆ ನಗೆಪಾಟಲಾಗಲ್ಲಪ್ಪ" ಅನ್ನುತ್ತಿದ್ದರು. ಬಲಗಡೆಯ ದವಡೆ ಹಲ್ಲು ನೋಯುತ್ತಿದ್ದರೂ ಅಳಿಯನಿಗೆ ತೋರಿಸುತ್ತಿರಲಿಲ್ಲ. "ಇನ್ನು ನನಗೆ ಹಲ್ಲು ಯಾಕೆ?" ಎಂಬ ಮಾತು ಕೇಳಿ ಮಗಳು ಒಳಗೆ ಹೋಗಿ ಅತ್ತಿದ್ದಳು. ಮನೆಯಲ್ಲೇ ಒಂದು ಒಳ್ಳೇ ಹೊಡೆತ ಹೊಡೆದರೆ ಅಪ್ಪ ಮತ್ತೆ ಅಪ್ಪನಾಗುತ್ತಾರೆ ಎಂಬುದೊಂದೇ ಅವಳ ಆಸೆ.

ಕಾರನ್ನು ಬೀದಿಗೆ ಗಡೀಪಾರು ಮಾಡಿ ಗ್ಯಾರೇಜಿನಲ್ಲಿ ದಪ್ಪ ಬಿಳಿ ಪರದೆ ಕಟ್ಟಿದ್ದಾಯಿತು. ಚೆಂಡಿನ ಪಕ್ಕ ಕ್ಯಾಮೆರಾ ಕಣ್ಣಿನ ಪೆಟ್ಟಿಗೆ ಕೂತಿತು. ಹೊಡೆದ ಚೆಂಡು ಎತ್ತ ಹಾರಿತೆಂದು ಅದು ಲ್ಯಾಪ್‌ಟಾಪಿಗೆ ಚಾಡಿ ಹೇಳಬೇಕು, ಲ್ಯಾಪ್‌ಟಾಪು ಅದನ್ನು ಪರದೆಯ ಮೇಲಿನ ಹಸಿರು ಮೈದಾನದಲ್ಲಿ ಹಾರಿಸಿ ತೋರಿಸಬೇಕು. ಕೊನೆಗೆ ಸಾಫ್ಟ್‌ವೇರ್ ಒಂದು ಪ್ರಶ್ನೆ ಕೇಳಿತು: ಆಟಗಾರರದು ಬಲಗೈಯೋ, ಎಡಗೈಯೋ?

ಡಾಕ್ಟರು ಮನಸ್ಸಿನಲ್ಲೇ ಮಾವನವರನ್ನು ಕುರ್ಚಿಯಲ್ಲಿ ಒರಗಿಸಿ ಬಾಯಿ ತೆರೆಸಿದರು. ಎದುರಿಗೆ ಕೂತವರ ಬಲ ಅಂದರೆ ತಮ್ಮ ಎಡ. ಎಷ್ಟು ವರ್ಷದ ಅಭ್ಯಾಸ! ಬೆರಳು ತಾನಾಗಿಯೇ 'ಎಡ' ಒತ್ತಿತು.

ಮಾವನವರು ಮಗಳ ತೋಳು ಹಿಡಿದು ಬಂದರು. ಪರದೆಯ ಎಡಕ್ಕೊಂದು ಕೆರೆ. ಅನುಭವಿಗಳಲ್ಲವೇ, ಜಾಣತನದಿಂದ ಸ್ವಲ್ಪ ಬಲಕ್ಕೆ ಹೊಡೆದರು. ಪರದೆಯ ಮೇಲಿನ ಚೆಂಡು ಎಡಕ್ಕೆ ಹಾರಿ ಕೆರೆಗೆ ಬಿತ್ತು!

ಇನ್ನಷ್ಟು ಬಲಕ್ಕೆ ಹೊಡೆದರು. ಕೆರೆಯ ನಡುಮಧ್ಯಕ್ಕೆ!

"ಮಾವ, ಮಷಿನ್ ಪಕ್ಕಾ ಇದೆ. ನೀವು ಸ್ವಲ್ಪ ಭುಜ ಸಡಿಲ ಬಿಡಿ," ಎಂದರು ಡಾಕ್ಟರು, ಗುರುಗಳ ಗತ್ತಿನಲ್ಲಿ.

ಮಾವನವರು ಹಲ್ಲುಕಚ್ಚಿ, ನೋಯುವ ಹಲ್ಲನ್ನೇ ಕಚ್ಚಿ, ಪೂರ್ತಿ ಬಲಕ್ಕೆ ಬೀಸಿದರು. ಚೆಂಡು ಪರದೆಯ ಅಂಚು ತಪ್ಪಿಸಿ ಏಣಿಗೆ ಬಡಿದು, ಏಣಿ ಶೆಲ್ಫಿಗೆ ಬಡಿದು, ಶೆಲ್ಫಿನ ಮೇಲಿದ್ದ ನೀಲಿ ಬಣ್ಣದ ಡಬ್ಬ ಡಾಕ್ಟರ ತಲೆಗೆ ಮಹಾಮಜ್ಜನ ಮಾಡಿಸಿತು!

ಯಾರೂ ನಗಲಿಲ್ಲ. ಮುದುಕರು ದಾಂಡನ್ನು ಮೆಲ್ಲಗೆ ಗೋಡೆಗೆ ಒರಗಿಸಿದರು.

"ಸಾಕು ಮಗಳೇ. ನನ್ನ ಬಲ ಹೋಯ್ತು."

ಡಾಕ್ಟರು ಬಣ್ಣ ತೊಟ್ಟಿಕ್ಕುವ ತಲೆ ತಗ್ಗಿಸಿದರು. ಹೆಂಡತಿ ಮಾತ್ರ ನೀಲಿ ಗಂಡನನ್ನು ನೋಡಿದಳು, ಪರದೆಯನ್ನು ನೋಡಿದಳು.

"ರೀ, ಡಬ್ಬ ಬಿದ್ದಿದ್ದು ಯಾವ ಕಡೆ?"

"ಬಲಗಡೆ. ಕಾಣಲ್ವಾ?"

"ಮತ್ತೆ ಅಲ್ಲಿ ಚೆಂಡು ಎಡಗಡೆ ಹೋಗಿದೆ ಅಂತ ತೋರಿಸ್ತಿದೆಯಲ್ಲ! ಏನು ಒತ್ತಿದ್ರಿ ನೀವು?"

ಲ್ಯಾಪ್‌ಟಾಪು ತೆರೆದಳು. ಗುಟ್ಟು ರಟ್ಟಾಯಿತು: 'ಎಡ' ಅಂತ ಒತ್ತಿದ್ದರಿಂದ ಅದು ಪ್ರತಿ ಹೊಡೆತವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುವಿ ತೋರಿಸುತ್ತಿತ್ತು.

"ಅಪ್ಪಾ, ನಿಮ್ಮ ಬಲ ಎಲ್ಲೂ ಹೋಗಿಲ್ಲ! ಇವರೇ ಅದನ್ನ ಎಡ ಮಾಡಿಟ್ಟಿದ್ದಾರೆ!"

'ಬಲ' ಒತ್ತಿದ ಮೇಲೆ ಮಾವನವರು ಮತ್ತೊಮ್ಮೆ ಬೀಸಿದರು. ಚೆಂಡು ಕೆರೆಯ ಪಕ್ಕದಲ್ಲಿ ತೇಲಿ ಬಾವುಟದ ಬುಡದಲ್ಲಿ ಕೂತಿತು. ಮುದುಕರು ತಮ್ಮ ಅಂಗೈ ನೋಡಿಕೊಂಡು ಕಣ್ಣೊರೆಸಿಕೊಂಡರು. ಮಗಳೂ ಒರೆಸಿಕೊಂಡಳು. ಡಾಕ್ಟರೂ ಒರೆಸಿಕೊಳ್ಳಲು ಹೋಗಿ ಕಣ್ಣಿಗೆ ಬಣ್ಣ ಮೆತ್ತಿಕೊಂಡರು.

"ಅಳಿಯಂದಿರೇ, ನಾಳೆ ಬಂದು ಹಲ್ಲು ತೋರಿಸ್ತೀನಿ," ಎಂದರು ಮಾವ.

ಡಾಕ್ಟರ ಎದೆ ಉಬ್ಬಿತು. ಎಷ್ಟಾದರೂ ನಂಬಿದರಲ್ಲ!

ಮರುದಿನ ಮಾವನವರು ಕ್ಲಿನಿಕ್ಕಿನ ಕುರ್ಚಿಯಲ್ಲಿ ಒರಗಿ, ಮುಖಕ್ಕೆ ಕಟ್ಟಿದ್ದ ಮಾಸ್ಕು ತೆಗೆದರು. ಬಲಗೆನ್ನೆಯ ಮೇಲೆ ಗಾಲ್ಫ್ ಚೆಂಡಿಗೆ ಗುರುತು ಹಾಕುವ ಪೆನ್ನಿನಿಂದ ದಪ್ಪನೆಯ ಬಾಣದ ಗುರುತು. ಅದರ ಕೆಳಗೆ ಡಾಕ್ಟರ ಹೆಂಡತಿಯ ಮುದ್ದಾದ ಅಕ್ಷರದಲ್ಲಿ ಬರೆದಿತ್ತು:

"ಇದು ಅಪ್ಪನ ಬಲ. ನಿಮ್ಮದಲ್ಲ."