ಒಂದು ಖೋಲಿಯೋ, ಎರಡೋ?

ನಮ್ಮ ಸೋದರಮಾವ ಸ್ವರ್ಗದ ಬಾಗಿಲಿಗೆ ಹೋಗಿ ನಿಂತರೂ ಕಾವಲಿನವನಿಗೆ, “ತಡೀರಿ, ಆ ಬಾಜೂದ್ದೂ ಒಮ್ಮೆ ನೋಡಿ ಬರ್ತೀನಿ” ಎಂದು ಹೇಳುವವರು. ನರಕ ಚೆನ್ನಾಗಿರಬಹುದೆಂಬ ಆಸೆಯಿಂದಲ್ಲ. ನೋಡದೆ ಒಪ್ಪಿಕೊಂಡೆವಲ್ಲಾ ಎಂಬ ಕೊರಗು ಬೇಡವೆಂದು.

ಒಮ್ಮೆ ಬೆಳಗಾವಿ ನಿಲ್ದಾಣದಲ್ಲಿ ಖಾನಾಪುರಕ್ಕೆ ಹೊರಟ ಎರಡು ಬಸ್ಸುಗಳು ಒಟ್ಟಿಗೆ ನಿಂತಿದ್ದವು. ಒಂದರಲ್ಲಿ ಕಿಟಕಿ ಸೀಟಿತ್ತು, ಇನ್ನೊಂದರ ಡ್ರೈವರ್ ನಿಧಾನಸ್ಥ. ಮಾವ ಇದನ್ನು ಹತ್ತಿ ಇಳಿದು, ಅದನ್ನು ಹತ್ತಿ ಇಳಿದು, ವಿಚಾರ ಮಾಡುತ್ತ ನಿಂತಾಗ ಎರಡೂ ಹೊರಟುಹೋದವು. ಮನೆಗೆ ಬಂದು ಅತ್ತೆಗೆ ಹೇಳಿದ್ದು: “ಖರೇ ಹೇಳ್ಬೇಕಂದ್ರ, ಎರಡೂ ಅಷ್ಟಕ್ಕಷ್ಟ ಇದ್ವು.”

ಇಂಥವರು, ಎಂಬತ್ತರ ದಶಕ ಮುಗಿಯುತ್ತ ಬಂದಾಗ, ಹಿಂದವಾಡಿಯ ತಮ್ಮ ಟೈಪಿಂಗ್ ಕ್ಲಾಸಿಗೆ ಕಂಪ್ಯೂಟರ್ ತರಿಸಿದರು. ಅದನ್ನು ಸಜ್ಜು ಮಾಡಲು ಹುಬ್ಬಳ್ಳಿಯಿಂದ ಒಬ್ಬ ಎಳೆಯ ಇಂಜಿನಿಯರ್ ಬಂದ. ಯಂತ್ರ ನಡೆಸುವ ‘ಡಾಸ್’ ಹಾಕುವ ಮೊದಲು ಅವನು ಒಂದು ಮಾತು ಕೇಳಿದ. ಕೇಳಬಾರದಿತ್ತು.

“ಸರ್, ಫೈಲ್ ಇಡೂ ಜಾಗಾ ಹೆಂಗ್ ಮಾಡ್ಲಿ? ಹಳೇ ಡಾಸ್ ಹಾಕಿದ್ರ ಡಿಸ್ಕಿನ್ಯಾಗ, ಮನ್ಯಾಗ ನಡುವ ಗ್ವಾಡಿ ಹಾಕಿದಂಗ, ಎರಡು ಖೋಲಿ ಮಾಡಬೇಕಾಗ್ತೈತಿ. ಹೊಸಾದು ಹಾಕಿದ್ರ ಪೂರಾ ಒಂದೇ ದೊಡ್ಡ ಖೋಲಿ. ಆದ್ರ ಹೊಸಾದು ನಡುನಡುವ ತಂಟೆ ಮಾಡ್ತೈತಿ ಅಂತಾರ. ಮುಂದ ಬದಲ್ ಮಾಡಬೇಕಂದ್ರ ಎಲ್ಲಾ ಅಳಿಸಬೇಕು.”

ಎಲ್ಲಾ ಅಳಿಸಬೇಕು! ಈ ಮಾತು ಕಿವಿಗೆ ಬಿದ್ದ ಮೇಲೆ ಮಾವ ಉತ್ತರ ಕೊಟ್ಟಾರೇ? “ಮೊದ್ಲ ಊಟಾ ಮಾಡ್ರಿ, ಆಮ್ಯಾಲೆ ವಿಚಾರ ಮಾಡೂಣು” ಎಂದರು. ಊಟ ಆಯಿತು, ವಿಚಾರ ಆಗಲಿಲ್ಲ. ಇಂಜಿನಿಯರ್ ಸೋಮವಾರಕ್ಕೊಮ್ಮೆ ಬರತೊಡಗಿದ. ಅತ್ತೆಯ ಬದನೆಕಾಯಿ ಎಣ್ಣೆಗಾಯಿಗೆ ಮನಸೋತ ಅವನು ಬರಬರುತ್ತ ಡಾಸ್ ವಿಷಯ ಎತ್ತುವುದನ್ನೇ ಬಿಟ್ಟ. ಮಾವ ದರ್ಜಿಯನ್ನು ಕೇಳಿದರು, ಪಕ್ಕದ ಮನೆಯ ಬ್ಯಾಂಕ್ ಮ್ಯಾನೇಜರನ್ನು ಕೇಳಿದರು, ಖಾನಾಪುರಕ್ಕೆ ಹೋಗಿ ಹೆಣ್ಣು ಕೊಟ್ಟ ಮಾವನನ್ನೂ ಕೇಳಿದರು. (ಅಂದು ಬಸ್ ಒಂದೇ ಇತ್ತು, ಹಾಗಾಗಿ ಮುಟ್ಟಿದರು.)

“ಅದರಾಗ ಈಗ ಏನೇನ್ ಇಟ್ಟೀರಿ, ಅಳಿಯಂದ್ರ?” ಎಂದು ಆ ಹಿರಿಯರು ಕೇಳಿದರು.

“ಇನ್ನೂ ಏನೂ ಇಲ್ರಿ.”

“ಏನೂ ಇಲ್ಲದ್ದಕ್ಕ ಎಷ್ಟು ಖೋಲಿ ಬೇಕಂತ ಕೇಳಾಕ ಇಲ್ಲೀತನಕ ಬಂದೀರೇನು? ಕುಂದರ್ರಿ, ಚಾ ಕುಡೀರಿ.”

ಅದಾಗಿ ಸ್ವಲ್ಪ ದಿನಕ್ಕೆ, ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದರು. ಅಂದು ಅಲ್ಲೇ ಇದ್ದ ನಾನೂ ಮಾವನೂ ಅವರನ್ನು ರಿಕ್ಷಾದಲ್ಲಿ ದವಾಖಾನೆಗೆ ಒಯ್ದೆವು. ಡಾಕ್ಟರು ನೋಡಿ, “ಅಪೆಂಡಿಕ್ಸ್ ಐತಿ. ಇಲ್ಲೇ ಆಪರೇಷನ್ ಮಾಡಬಹುದು, ಇಲ್ಲಾ ಮಿರಜಿನ ದೊಡ್ಡ ದವಾಖಾನಿಗೆ ಒಯ್ಯಬಹುದು. ಹೆಂಗ್ ಮಾಡೂಣು?” ಎಂದರು. ಕೇಳಿ ಕೇಳಿ ಇವರನ್ನು ಕೇಳುವುದೇ?

“ಇಲ್ಲೇ ಮಾಡ್ರಿ. ಈಗಿಂದೀಗ ಮಾಡ್ರಿ.” ಡಾಕ್ಟರು ಬಾಯಿ ಮುಚ್ಚುವಷ್ಟರಲ್ಲಿ ಮಾವನ ಉತ್ತರ ಬಂದಿತ್ತು.

ಅತ್ತೆ ಗುಣವಾಗಿ ಮನೆಗೆ ಬಂದ ದಿನ ಅವರನ್ನು ಮಾತಾಡಿಸಲು ಇಂಜಿನಿಯರ್ ಬಂದ. ಮಾವ ಹಾಸಿಗೆಯ ಪಕ್ಕ ಕುಳಿತು ಮೋಸಂಬಿ ಸುಲಿಯುತ್ತಿದ್ದರು. ಹೊರಡುವಾಗ ಅವನು ಬಾಗಿಲಲ್ಲಿ ನಿಂತು ಸಂಕೋಚದಿಂದಲೇ ಕೇಳಿದ: “ಸರ್, ಡಿಸ್ಕಿಗೆ ಒಂದು ಖೋಲಿ ಮಾಡ್ಲೋ, ಎರಡೋ?”

ಮಾವ ತಲೆ ಎತ್ತಲಿಲ್ಲ. ಒಂದು ತೊಳೆಯ ಬೀಜ ತೆಗೆದು ಅತ್ತೆಯ ಕೈಗಿಟ್ಟು ಹೇಳಿದರು: “ಯಾವುದರೆ ಮಾಡಿ ಹೋಗಪಾ. ಆಕಿ ಮನಿಗೆ ಬಂದಾಳಲ್ಲಾ, ಸಾಕು.”